ಲಿಗೋರಿ ಮಾಸ್ತರರ ಏಳನೇ ಪ್ಲೇಟು

ಹೊಳೆದಂಡೆಯ ಲಿಗೋರಿ ಮಾಸ್ತರರು ಮೌನವನ್ನು ಕೇಳುತ್ತಾರೆ ಎಂದು ಆಗ ಎಲ್ಲರೂ ನಂಬಿದ್ದರು.

ನಂಬಲು ಸಾಕ್ಷಿಯೂ ಇತ್ತು. ಪ್ರತಿ ಭಾನುವಾರ ಸಂಜೆ ಮಾಸ್ತರರು ಜಗಲಿಯಲ್ಲಿ ಕುಳಿತು ಗ್ರಾಮಫೋನಿಗೆ ಕೀ ಕೊಟ್ಟು ಏಳು ಪ್ಲೇಟು ಹಾಕುತ್ತಿದ್ದರು. ಮೊದಲ ಆರರಲ್ಲಿ ಒಂದೊಂದೂ ಮುಗಿದ ಕೂಡಲೇ ಮುಳ್ಳು ಎತ್ತುತ್ತಿದ್ದರು. ಏಳನೆಯದಕ್ಕೆ ಮಾತ್ರ ಎತ್ತುತ್ತಿರಲಿಲ್ಲ.

ಆ ಪ್ಲೇಟಿನ ಹಾಡು ಯಾರೋ ಕತ್ತರಿಸಿದ ಹಾಗೆ ನಿಲ್ಲುತ್ತಿತ್ತು. ಆಮೇಲೆ ಮುಳ್ಳು ನಡುವಿನ ಖಾಲಿ ಗೆರೆಯಲ್ಲಿ ಟಕ್ ಟಕ್ ಎಂದು ಸುತ್ತುತ್ತಿತ್ತು. ಕೀ ಮುಗಿದು ತಟ್ಟೆ ತಾನಾಗಿ ನಿಲ್ಲುವ ತನಕ ಮಾಸ್ತರರು ಕಣ್ಣು ಮುಚ್ಚಿ ಕುಳಿತಿರುತ್ತಿದ್ದರು.

ಅವರ ಜೊತೆ ಜನವೂ ಕಣ್ಣು ಮುಚ್ಚುತ್ತಿತ್ತು.

ಮಾಸ್ತರರು ಮೂವತ್ತು ವರ್ಷ ಮುಂಬಯಿಯ ಒಂದು ಹೋಟೆಲಿನ ಡ್ಯಾನ್ಸ್ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಊದಿದವರು. ಹೋಟೆಲಿಗೆ ಬ್ಯಾಂಡು ಬೇಡವಾದಾಗ ಊರಿಗೆ ಬಂದರು. ಬರುವಾಗ ತಮ್ಮ ಸ್ಯಾಕ್ಸೊಫೋನನ್ನೂ, ಭತ್ತದ ಉಮಿ ತುಂಬಿದ ಪೆಟ್ಟಿಗೆಗಳಲ್ಲಿ ಮುನ್ನೂರ ಹನ್ನೆರಡು ಅರಗಿನ ಪ್ಲೇಟುಗಳನ್ನೂ ತಂದರು. ಎಲ್ಲವೂ ಕುಣಿತಕ್ಕೆ ಬಾರಿಸುವ ಹಳೆಯ ಜಾಝ್, ಫಾಕ್ಸ್‌ಟ್ರಾಟ್, ವಾಲ್ಟ್ಸ್. ಮೇಲಿನ ಹಲ್ಲುಗಳು ಮಾತ್ರ ಮುಂಬಯಿಯಲ್ಲೇ ಉಳಿದವು. ಹಲ್ಲಿಲ್ಲದೆ ಸ್ಯಾಕ್ಸೊಫೋನ್ ಊದಲಾಗುವುದಿಲ್ಲ. ಪ್ಲೇಟು ಕೇಳಲು ಹಲ್ಲು ಬೇಡ.

ಮಳೆಗಾಲದಲ್ಲಿ ಪ್ಲೇಟುಗಳಿಗೆ ಬೂಷ್ಟು ಹಿಡಿಯುತ್ತಿತ್ತು. ಮಾಸ್ತರರು ಅಂಟುವಾಳದ ನೀರಿನಲ್ಲಿ ಒಂದೊಂದನ್ನೇ ತೊಳೆದು, ಊಟದ ಬಟ್ಟಲುಗಳ ಪಕ್ಕ ನೆರಳಿನಲ್ಲಿ ಒಣಗಲು ನಿಲ್ಲಿಸುತ್ತಿದ್ದರು. ತೊಳೆಯುವಾಗ ಅದರಲ್ಲಿ ಬಾರಿಸಿದವರ ಹೆಸರು ಹೇಳುವ ಅಭ್ಯಾಸವಿತ್ತು. ಲೇಬಲ್ಲಿನಲ್ಲಿ ಅಚ್ಚಾದ ಹೆಸರನ್ನು ಬಿಟ್ಟು, ಹಿಂದಿನ ಸಾಲಿನಲ್ಲಿ ಕುಳಿತವರ ಹೆಸರು ಹೇಳುತ್ತಿದ್ದರು. ಅವರಲ್ಲಿ ಹೆಚ್ಚಿನವರನ್ನು ಮಾಸ್ತರರು ಕಂಡೇ ಇರಲಿಲ್ಲ.

ತಂಗಿ ಸೆರಾಫಿನ್ ಬಾಯಿಗೆ ಇದರಿಂದ ತೊಂದರೆ ಇರಲಿಲ್ಲ. ಬಟ್ಟಲು ಇಡಲು ಜಾಗ ಬಿಟ್ಟರೆ ಸಾಕು ಎನ್ನುತ್ತಿದ್ದರು.

ಆ ಮನೆಗೆ ಆಶ್ರಮ ಎಂದು ಯಾರೂ ಹೆಸರಿಡಲಿಲ್ಲ. ಮೆಟ್ಟಿಲ ಕೆಳಗೆ ಚಪ್ಪಲಿಗಳು ಸಾಲಾಗಿ ನಿಂತ ದಿನ ಅದು ಆಶ್ರಮವಾಯಿತು.

ಸಾಲು ಮಾಡಿಸಿದವರು ಪದ್ಮರಾಜರು. ತತ್ವಶಾಸ್ತ್ರದ ಪ್ರೊಫೆಸರಾಗಿ ನಿವೃತ್ತರಾದವರು. ಒಮ್ಮೆ ದೋಣಿ ತಪ್ಪಿಸಿಕೊಂಡು ಜಗಲಿಯಲ್ಲಿ ಕುಳಿತಿದ್ದಾಗ ಏಳನೇ ಪ್ಲೇಟು ಕೇಳಿದ್ದರು. ಮರುವಾರ ನಾಲ್ಕು ಜನರನ್ನು ಕರೆತಂದರು. ವರ್ಷದೊಳಗೆ ಮಾಸ್ತರರ ಮೌನದ ಬಗ್ಗೆ ಅರುವತ್ತನಾಲ್ಕು ಪುಟಗಳ ಪುಸ್ತಕ ಬರೆದರು.

ಅದರ ಮೂರನೇ ಅಧ್ಯಾಯ ಅಹಂಕಾರದ ಲಯದ ಕುರಿತು. ಅದಕ್ಕೆ ಆಧಾರ ಒಂದೇ ಮಾತು. ಬಂದವರೊಬ್ಬರು ಈ ಪ್ಲೇಟುಗಳಲ್ಲಿ ನೀವು ಬಾರಿಸಿದ್ದು ಯಾವುದು ಎಂದು ಕೇಳಿದ್ದರು.

"ಯಾವುದರಲ್ಲೂ ನಾನು ಕೇಳಿಸುವುದಿಲ್ಲ," ಎಂದಿದ್ದರು ಮಾಸ್ತರರು.

ಪ್ರೊಫೆಸರರು ಜೇಬಿನಿಂದ ಪೆನ್ನು ತೆಗೆದರು.

ಮಾಸ್ತರರಿಗೆ ಶಿಷ್ಯನೆಂದು ಇದ್ದವನು ಒಬ್ಬನೇ, ಅಚ್ಯುತ ಸೇರಿಗಾರ. ಇಪ್ಪತ್ತಾರು ವರ್ಷ. ದೇವಸ್ಥಾನದಲ್ಲೂ ಮದುವೆಯಲ್ಲೂ ಸ್ಯಾಕ್ಸೊಫೋನ್ ಬಾರಿಸುವ ಮನೆತನ. ಸೋದರಮಾವ ನಡೆಸುವ ಮದುವೆ ವಾದ್ಯದ ಸೆಟ್ಟಿನಲ್ಲಿ ಬಾರಿಸುತ್ತಿದ್ದ. ಮದುವೆಯಲ್ಲಿ ಜನ ಊಟದ ಎಲೆಯ ಕಡೆ ಮುಖ ಮಾಡಿ ಕೂರುತ್ತಾರೆ. ತನ್ನ ಕಡೆ ಮುಖ ಮಾಡಿ ಕೂರುವ ಜನ ಅವನಿಗೆ ಬೇಕಿತ್ತು. ಅದಕ್ಕೆ ರೇಡಿಯೋದ ಧ್ವನಿಪರೀಕ್ಷೆಯಲ್ಲಿ ಪಾಸಾಗಬೇಕಿತ್ತು. ರೇಡಿಯೋ ಕಲಾವಿದ ಎಂದರೆ ಮಾತ್ರ ಸಂಗೀತ ಸಭೆಗಳವರು ಕರೆಯುತ್ತಿದ್ದರು.

ಎರಡು ಸಲ ಹೋಗಿ ನೋಡು, ಆಗದಿದ್ದರೆ ಬಾಯಿ ಮುಚ್ಚಿ ನನ್ನ ಸೆಟ್ಟಿನಲ್ಲಿ ಊದು ಎಂದು ಮಾವ ಹೇಳಿದ್ದರು. ಬಾಯಿ ಮುಚ್ಚಿ ಊದುವುದು ಹೇಗೆಂದು ಅಚ್ಯುತ ಕೇಳಲಿಲ್ಲ. ಮಾವನ ಮಾತಿಗೆ ಎರಡನೇ ಅರ್ಜಿ ಇರಲಿಲ್ಲ.

ಮೊದಲ ದಿನ ಅವನು ಬಾಳೆಹಣ್ಣು, ವೀಳ್ಯದೆಲೆ ಇಟ್ಟು ನಮಸ್ಕರಿಸಿದಾಗ ಮಾಸ್ತರರು ಹಣ್ಣನ್ನು ತಂಗಿಯ ಕೈಗೆ ದಾಟಿಸಿದರು.

"ನಿಮ್ಮ ರಾಗ ನನಗೆ ಬರುವುದಿಲ್ಲ. ಉಸಿರು ಮಾತ್ರ ಗೊತ್ತುಂಟು," ಎಂದರು.

"ಅಷ್ಟೇ ಸಾಕು ಮಾಸ್ಟ್ರೇ."

"ಸಾಕಾ ಸಾಲದಾ ನೋಡುವ."

ಮೊದಲ ಆರು ತಿಂಗಳು ಪಾಠದಲ್ಲಿ ಅವನಿಗೆ ಸ್ಯಾಕ್ಸೊಫೋನ್ ಮುಟ್ಟಲು ಬಿಡಲಿಲ್ಲ. ಒಂದು ಫಾಕ್ಸ್‌ಟ್ರಾಟ್ ಹಾಕಿ, ಮುಗಿದ ಮೇಲೆ ಎಂತ ಕೇಳಿತು ಎಂದು ವಿಚಾರಿಸುವುದು. ಟ್ರಂಪೆಟ್ ಎಂದ. ಮತ್ತೆ ಅದೇ ಪ್ಲೇಟು. ಟ್ರಂಪೆಟ್, ಪಿಯಾನೋ, ಡ್ರಮ್ಸ್ ಎಂದ. ಮತ್ತೆ ಅದೇ ಪ್ಲೇಟು.

ಮೂರನೇ ವಾರ ಅವನು, "ಹಿಂದೆ ಒಂದು ದೊಡ್ಡ ಪಿಟೀಲು ಉಂಟು. ನಾಲ್ಕೇ ಸ್ವರ ಮೀಟುತ್ತದೆ," ಎಂದ.

"ಅವ ಇಲ್ಲದಿದ್ದರೆ?"

ಅಚ್ಯುತ ಯೋಚಿಸಿದ. "ಎಲ್ಲ ಕುಸಿಯುತ್ತದೆ."

"ಅವನ ಹೆಸರು ಲೇಬಲ್ಲಿನಲ್ಲಿ ಉಂಟಾ?"

"ಇಲ್ಲ."

"ಸರಿ. ಚಾ ಕುಡಿ."

ಏಳನೇ ಪ್ಲೇಟಿನ ಬಗ್ಗೆ ಮಾತ್ರ ಅವರು ಅವನನ್ನು ಏನೂ ಕೇಳುತ್ತಿರಲಿಲ್ಲ. ಅದರ ಲೇಬಲ್ಲು ಬೆರಳು ತಾಗಿ ತಾಗಿ ಅಳಿಸಿಹೋಗಿತ್ತು. ಮುಂಬಯಿಯಲ್ಲಿ ಅಚ್ಚಾದದ್ದು ಎಂಬುದಷ್ಟೇ ಓದಲು ಬರುತ್ತಿತ್ತು. ಕೊನೆಯಲ್ಲಿ ಟ್ರಂಪೆಟ್ ಒಂದು ಏರುತ್ತದೆ, ಇಳಿಯುತ್ತದೆ, ಮುಗಿಯಿತು ಎನ್ನುವಾಗ ಮತ್ತೆ ಏರುತ್ತದೆ. ಅದು ಇಳಿಯುವ ಮೊದಲೇ ಎಲ್ಲ ನಿಲ್ಲುತ್ತದೆ.

"ಈ ಟ್ರಂಪೆಟಿನವ ಭಾರೀ ಒಳ್ಳೆಯವ," ಎಂದಿದ್ದರು ಮಾಸ್ತರರು ಒಮ್ಮೆ. "ನಿಲ್ಲಿಸಲಿಕ್ಕೆ ಮಾತ್ರ ಗೊತ್ತಿಲ್ಲ."

ಹಾಡು ಹೀಗೆ ಹಠಾತ್ತನೆ ಕಡಿಯುವುದೇ ಶೂನ್ಯದ ಕಡೆ ತೋರಿಸುವ ಬೆರಳು ಎಂದು ಪ್ರೊಫೆಸರರ ಐದನೇ ಅಧ್ಯಾಯ ಹೇಳುತ್ತದೆ.

ಅಚ್ಯುತ ಪುಸ್ತಕವನ್ನು ಎರಡು ಸಲ ಓದಿದ. ಭಾನುವಾರಗಳಂದು ಮುಂದಿನ ಸಾಲಿನಲ್ಲಿ ಕುಳಿತು, ಟಕ್ ಟಕ್ ಶುರುವಾದ ಕೂಡಲೇ ಎಲ್ಲರಿಗಿಂತ ಬಿಗಿಯಾಗಿ ಕಣ್ಣು ಮುಚ್ಚಿದ. ಮೌನ ಸಿಗಲಿಲ್ಲ. ಸಿಕ್ಕವರ ಮುಖಗಳನ್ನು ಚಾ ಹೊತ್ತಿನಲ್ಲಿ ನೋಡಿ ಹೊಟ್ಟೆ ಉರಿಸಿಕೊಂಡ.

ನಾಲ್ಕನೇ ವರ್ಷ ಧ್ವನಿಪರೀಕ್ಷೆಗೆ ಹೋದ. ಹತ್ತು ನಿಮಿಷ ಕೊಟ್ಟಿದ್ದರು. ಒಂದೂವರೆ ತಿಂಗಳಲ್ಲಿ ಪತ್ರ ಬಂತು. ತೇರ್ಗಡೆಯಾಗಿಲ್ಲ.

ಈ ಸೋಲು ಅವನ ಆಳಕ್ಕೆ ಸಾಕ್ಷಿ, ಯಂತ್ರಗಳಿಗೆ ಮೌನ ಅರ್ಥವಾಗುವುದಿಲ್ಲ ಎಂದು ಪ್ರೊಫೆಸರರು ಸಮಾಧಾನ ಮಾಡಿದರು. ಸೆರಾಫಿನ್ ಬಾಯಿ ಎರಡು ದೋಸೆ ಹೆಚ್ಚು ಹಾಕಿದರು. ಇದು ಸ್ವಲ್ಪ ಕೆಲಸ ಮಾಡಿತು.

ಮಾಸ್ತರರು ಮಾತ್ರ, ಒಳಗೆ ಹೋಗಿ ಎಂತ ಮಾಡಿದೆ, ಮೊದಲಿನಿಂದ ಹೇಳು ಎಂದರು.

ಅಚ್ಯುತ ಹೇಳಿದ. ಸ್ಟುಡಿಯೋದಲ್ಲಿ ಕೆಂಪು ದೀಪ ಹತ್ತಿತು, ಹತ್ತು ನಿಮಿಷದ ಲೆಕ್ಕ ಶುರುವಾಯಿತು. ಒಂದು ನಿಮಿಷ ಕಣ್ಣು ಮುಚ್ಚಿ ಸುಮ್ಮನೆ ಕುಳಿತ.

"ಯಾಕೆ?"

"ನೀವು ಕೂರುವುದಿಲ್ಲವಾ ಮಾಸ್ಟ್ರೇ?"

ಮಾಸ್ತರರು ಹೊಳೆಯ ಕಡೆ ನೋಡಿದರು. ಮುಂದೆ ಹೇಳು ಎಂದರು.

ಆಮೇಲೆ ಆಭೇರಿಯ ಆಲಾಪನೆ ಹಿಡಿದ. ನಿಧಾನವಾಗಿ, ಮೆಟ್ಟಿಲು ಮೆಟ್ಟಿಲಾಗಿ. ಎರಡು ತಿಂಗಳು ಕುಳಿತು ಕಟ್ಟಿದ ಒಂದು ಸಂಚಾರವಿತ್ತು. ಅಂಥದ್ದು ಸ್ಯಾಕ್ಸೊಫೋನಿನಲ್ಲಿ ಯಾರೂ ಬಾರಿಸಿದ್ದು ಅವನು ಕೇಳಿರಲಿಲ್ಲ. ಅದನ್ನು ಕೊನೆಗೆ ಇಟ್ಟುಕೊಂಡಿದ್ದ. ಅದರ ಹತ್ತಿರ ಬರುವಾಗ ದೀಪ ಆರಿತು.

"ಮದುವೆಯಲ್ಲಿ ಹೀಗೆ ಆಗಿದೆಯಾ?"

"ಯಾವಾಗಲೂ. ನಾನು ಮೇಲೆ ಹೋಗುವ ಹೊತ್ತಿಗೆ ಸರಿಯಾಗಿ ಭಟ್ರು ಕೈ ಎತ್ತುತ್ತಾರೆ. ಗಟ್ಟಿಮೇಳ ಅಂತ ಹೇಳಿ ಡೋಲಿನವನು ಬಡಿಯಲು ಶುರು. ನನ್ನದು ಅಲ್ಲಿಗೆ ಮುಳುಗಿತು."

"ತಪ್ಪು ಭಟ್ರದ್ದಾ, ಡೋಲಿನವನದ್ದಾ?"

ತನ್ನ ನಿಜವಾದ ಕೊರತೆ ಬೇರೆ ಎಂದು ಅಚ್ಯುತನಿಗೆ ಖಾತ್ರಿಯಿತ್ತು. ಮಾವ ಕೊಟ್ಟ ಎರಡು ಸಲದಲ್ಲಿ ಇನ್ನು ಉಳಿದದ್ದು ಒಂದೇ. ನಾಚಿಕೆ ಬಿಟ್ಟು ಕೇಳಿಯೇಬಿಟ್ಟ.

"ಮೌನ ಕೇಳುವುದು ಹೇಗೆ ಮಾಸ್ಟ್ರೇ? ನನಗೆ ಬರೀ ಟಕ್ ಟಕ್ ಕೇಳುತ್ತದೆ."

"ನನಗೂ ಅಷ್ಟೇ ಮಾರಾಯ."

ಇದನ್ನು ಅಚ್ಯುತ ವಿನಯ ಎಂದು ತಿಳಿದ. ಮಾಸ್ತರರ ಬಗ್ಗೆ ಯಾರೂ ಏನನ್ನೂ ಅವರು ಹೇಳಿದಂತೆಯೇ ತಿಳಿಯುತ್ತಿರಲಿಲ್ಲ.

ಮರುದಿನ ಮಾಸ್ತರರು ಪೆಟ್ಟಿಗೆಯ ತಳದಿಂದ ಒಂದು ಪ್ಲೇಟು ತೆಗೆದರು. ಕೇಳಿ ಕೇಳಿ ಸವೆದು ಅದರಲ್ಲಿ ಹಾಡೇ ಉಳಿದಿರಲಿಲ್ಲ. ಹುರಿಯುವ ಸದ್ದು ಮಾತ್ರ. ಹಾಡು ತಮಗೆ ಬಾಯಿಪಾಠ ಇರುವುದರಿಂದ ಎಸೆದಿಲ್ಲ ಎಂದರು.

ಮುಳ್ಳು ಇಟ್ಟ ಕೂಡಲೇ ಶುರು ಮಾಡಬೇಕು, ಎತ್ತಿದಾಗ ನಿಲ್ಲಿಸಬೇಕು. ಅಷ್ಟೇ ಪಾಠ.

ಅಚ್ಯುತ ಆಭೇರಿ ಹಿಡಿದ. ಷಡ್ಜದ ಸುತ್ತ ಎರಡು ಸುತ್ತು ಹಾಕಿ ಗಾಂಧಾರದ ಬಾಗಿಲು ತಟ್ಟುವಾಗ ಮಾಸ್ತರರು ಮುಳ್ಳು ಎತ್ತಿದರು.

"ಮುಗಿಯಿತು."

"ನಾನಿನ್ನೂ ಶುರುವೇ ಮಾಡಿಲ್ಲ ಮಾಸ್ಟ್ರೇ."

"ಪ್ಲೇಟಿಗೆ ಅದು ಗೊತ್ತಿಲ್ಲ."

ದಿನಕ್ಕೆ ಹತ್ತು ಸಲ ಹೀಗೆ ನಡೆಯಿತು. ಒಂದು ಬದಿ ಎಂದರೆ ಮೂರು ನಿಮಿಷ, ಸ್ವಲ್ಪ ಹೆಚ್ಚು. ಮೂರು ನಿಮಿಷದಲ್ಲಿ ರಾಗ ಹೇಳಲಾಗುವುದಿಲ್ಲ ಎಂದು ಅಚ್ಯುತ ವಾದಿಸಿದ. ಮುನ್ನೂರ ಹನ್ನೆರಡು ಪ್ಲೇಟುಗಳ ಕಡೆ ಕೈ ತೋರಿಸಿ ಮಾಸ್ತರರು, ಇವರಿಗೆಲ್ಲ ಸಿಕ್ಕಿದ್ದು ಅಷ್ಟೇ, ನಿನಗೆ ಹತ್ತು ನಿಮಿಷ ಅಂದರೆ ಮೂರು ಪ್ಲೇಟು ಎಂದರು. ಅಚ್ಯುತ ಅವಸರ ಮಾಡಿದ. ಉಸಿರು ಕೆಟ್ಟಿತು. ಓಡಬೇಡ ಎಂದು ಬೈದರು. ನಿಧಾನ ಮಾಡಿದ. ಮುಳ್ಳು ಎದ್ದಿತು.

ಎರಡನೇ ತಿಂಗಳು ಒಂದು ದಿನ ಸಿಟ್ಟು ಬಂದು, ಕೊನೆಗೆಂದು ಕಾದಿಟ್ಟಿದ್ದ ಸಂಚಾರವನ್ನು ಮೊದಲೇ ಬಾರಿಸಿಬಿಟ್ಟ. ಬಾರಿಸಿ ಬರಿಗೈಯಲ್ಲಿ ನಿಂತ. ಮುಳ್ಳು ಇನ್ನೂ ಅರ್ಧ ದಾರಿಯಲ್ಲಿತ್ತು.

"ನಿಲ್ಲಿಸಿದೆ ಯಾಕೆ?"

"ಇದ್ದದ್ದೆಲ್ಲ ಆಯಿತು."

"ಇನ್ನೂ ಒಂದೂವರೆ ನಿಮಿಷ ಉಂಟು."

ಅಚ್ಯುತ ಊದಿದ. ಕಟ್ಟಿಟ್ಟದ್ದು ಏನೂ ಇರಲಿಲ್ಲ. ಬಂದದ್ದು ಬಂತು. ಅದು ಎಲ್ಲಿಂದ ಬಂತೆಂದು ಅವನಿಗೆ ತಿಳಿಯಲಿಲ್ಲ.

ಮುಳ್ಳು ಎತ್ತುವಾಗ ಮಾಸ್ತರರ ಕೈ ಎಂದಿಗಿಂತ ಸ್ವಲ್ಪ ತಡವಾಯಿತು.

ಈ ಪಾಠದಿಂದ ಅಚ್ಯುತನಿಗೆ ಒಂದು ದುರಭ್ಯಾಸ ಅಂಟಿಕೊಂಡಿತು. ಎಷ್ಟು ಹೊತ್ತು ಉಳಿದಿದೆ ಎಂದು ಮುಳ್ಳನ್ನೇ ನೋಡುವುದು. ಭಾನುವಾರವೂ ಅದು ಬಿಡಲಿಲ್ಲ. ಏಳನೇ ಪ್ಲೇಟು ಕಡಿಯಿತು, ಟಕ್ ಟಕ್ ಶುರುವಾಯಿತು, ಜಗಲಿಯಲ್ಲಿ ಮೂವತ್ತು ಜನ ಕಣ್ಣು ಮುಚ್ಚಿದರು. ಅವನ ಕಣ್ಣು ಮುಳ್ಳಿನ ಮೇಲೆಯೇ ಇತ್ತು.

ಮುಳ್ಳಿನ ಆಚೆ ಮಾಸ್ತರರ ಮೊಣಕಾಲುಗಳಿದ್ದವು. ಮೊಣಕಾಲುಗಳ ಮೇಲೆ ಬೆರಳುಗಳು ಆಡುತ್ತಿದ್ದವು.

ಸುಮ್ಮನೆ ಆಡುವ ಬೆರಳುಗಳಲ್ಲ. ಎಡಗೈಯ ಮೂರು ಕೆಳಗೆ, ಬಲಗೈಯ ಒಂದು. ಬಲಗೈ ಎದ್ದಿತು. ಎಡ ಹೆಬ್ಬೆರಳು ಮಡಚಿತು. ಸ್ಯಾಕ್ಸೊಫೋನಿನಲ್ಲಿ ಮೇಲಿನ ಸ್ಥಾಯಿಗೆ ಹೋಗುವ ಕೀಲಿಯನ್ನು ಒತ್ತುವುದು ಆ ಹೆಬ್ಬೆರಳು.

ತಟ್ಟೆ ನಿಂತಾಗ ಬೆರಳುಗಳೂ ನಿಂತವು. ಜನ ಕಣ್ಣು ಬಿಟ್ಟು ನಿಟ್ಟುಸಿರಿಟ್ಟರು.

ಅಚ್ಯುತ ಅಡುಗೆಮನೆಗೆ ಹೋದ. ಸೆರಾಫಿನ್ ಬಾಯಿ ಲೋಟಗಳನ್ನು ಜೋಡಿಸುತ್ತಿದ್ದರು.

"ಬಾಯಮ್ಮ, ಮಾಸ್ಟ್ರ ಬೆರಳು..."

"ನಿನಗೆ ಈಗ ಕಂಡಿತಾ?"

"ಎಷ್ಟು ಸಮಯದಿಂದ?"

"ಮುಂಬಯಿಯಿಂದ ಬಂದ ದಿನದಿಂದ."

"ಯಾರಿಗೂ ಹೇಳಲಿಲ್ಲವಾ ನೀವು?"

"ಯಾರು ಕೇಳಿದರು? ಬಂದವರೆಲ್ಲ ಕಣ್ಣು ಮುಚ್ಚಿ ಕೂರುವವರು." ಲೋಟದ ತಟ್ಟೆಯನ್ನು ಅವನ ಕೈಗಿಟ್ಟರು. "ಹೋಗು, ಕೊಡು. ಪ್ರೊಫೆಸರರಿಗೆ ಸಕ್ಕರೆ ಹಾಕಿಲ್ಲ."

ಮುಂದಿನ ಭಾನುವಾರ ಅವನು ಪಕ್ಕಕ್ಕೆ ಸರಿದು, ಮಾಸ್ತರರ ಎರಡೂ ಕೈ ಕಾಣುವಲ್ಲಿ ಕುಳಿತ. ಬೆರಳುಗಳು ಆಡಿದ್ದು ಕಳೆದ ವಾರದ್ದನ್ನೇ. ಅದರ ಮುಂದಿನ ವಾರವೂ ಅದನ್ನೇ. ಒಂದು ಬೆರಳೂ ಆಚೀಚೆ ಇಲ್ಲ. ಐದು ಭಾನುವಾರ ನೋಡಿದ. ನೋಡಿದ್ದನ್ನು ಮನೆಯ ಹಿಂದೆ ಗೋಡೆಗೆ ಮುಖ ಮಾಡಿ ಊದಿದ. ಅದು ಯಾವ ರಾಗವೂ ಆಗಿರಲಿಲ್ಲ. ಮಾವ ಕಿಟಕಿಯಿಂದ ತಲೆ ಹಾಕಿ, ಹುಚ್ಚು ಹಿಡಿದದ್ದು ನಿನಗಾ ಸ್ಯಾಕ್ಸೊಫೋನಿಗಾ ಎಂದು ಕೇಳಿದರು.

ಎರಡನೇ ಧ್ವನಿಪರೀಕ್ಷೆಯ ದಿನ ಬಂತು.

ಹೊರಡುವ ಮೊದಲು ಮಾಸ್ತರರ ಕಾಲು ಮುಟ್ಟಿದ. ಆಶೀರ್ವಾದ ಎಂದು ಸಿಕ್ಕಿದ್ದು ಸ್ಯಾಕ್ಸೊಫೋನಿನ ಬಾಯಿಗೆ ಕಟ್ಟುವ ಒಂದು ಹೊಸ ರೀಡು, ಒಂದು ಮಾತು.

"ದೀಪ ಹತ್ತಿದ ಮೇಲೆ ನನ್ನನ್ನು ನೆನಪು ಮಾಡಿಕೊಳ್ಳಬೇಡ. ಸಮಯ ಹಾಳು."

ದೀಪ ಹತ್ತುವುದೂ ಅವನು ಊದುವುದೂ ಒಟ್ಟಿಗೇ ಆಯಿತು. ಒಳ್ಳೆಯ ಸಂಚಾರ ಮೊದಲ ನಿಮಿಷದಲ್ಲೇ ಖರ್ಚಾಯಿತು. ಉಳಿದ ಒಂಬತ್ತು ನಿಮಿಷ ಹೊಸದನ್ನು ಹುಡುಕಿದ. ಎಲ್ಲವೂ ಸಿಗಲಿಲ್ಲ. ಸಾಕಷ್ಟು ಸಿಕ್ಕಿತು. ದೀಪ ಆರುವ ಒಂದು ಉಸಿರಿನ ಮೊದಲು ನಿಲ್ಲಿಸಿದ.

ಪತ್ರ ಬಂತು. ತೇರ್ಗಡೆಯಾಗಿತ್ತು. ಮಾವ ಅದನ್ನು ಎರಡು ಸಲ ಓದಿ, ಮದುವೆಯ ಧಾರೆ ಇರುವ ದಿನಗಳಲ್ಲಿ ನನ್ನ ಸೆಟ್ಟಿಗೆ ಬಿಡುವು ಮಾಡಿಕೋ, ಉಳಿದದ್ದು ನಿನ್ನ ಖುಷಿ ಎಂದರು.

ಆ ಭಾನುವಾರ ಜಗಲಿಯಲ್ಲಿ ಜಾಗ ಸಾಲಲಿಲ್ಲ. ಪ್ರೊಫೆಸರರು ಎದ್ದು ನಿಂತು, ಈ ಯುವಕ ಗೆದ್ದದ್ದು ಗುರುವಿನ ಮೌನವನ್ನು ಒಳಗಿಳಿಸಿಕೊಂಡದ್ದರಿಂದ ಎಂದು ಹದಿನೈದು ನಿಮಿಷ ವಿವರಿಸಿದರು. ಪುಸ್ತಕದ ಎರಡನೇ ಮುದ್ರಣಕ್ಕೆ ಒಂದು ಅಧ್ಯಾಯ ಸೇರಿಸುವುದಾಗಿಯೂ ಹೇಳಿದರು. ಮೌನದ ಬಗ್ಗೆ ಎರಡು ಮಾತು ಆಡು ಎಂದು ಅಚ್ಯುತನನ್ನು ಕರೆದರು.

ಅಚ್ಯುತ ಮಾಸ್ತರರ ಕಡೆ ನೋಡಿದ. ಮಾಸ್ತರರು ಗ್ರಾಮಫೋನಿಗೆ ಕೀ ಕೊಡುತ್ತಿದ್ದರು.

ಮಾತು ಬರುವುದಿಲ್ಲ, ಆಮೇಲೆ ನೋಡುವ ಎಂದು ಹೇಳಿ ಅವನು ಕುಳಿತ. ಸ್ಯಾಕ್ಸೊಫೋನಿನ ಪೆಟ್ಟಿಗೆ ಅವನ ಪಕ್ಕದಲ್ಲಿತ್ತು.

ಆರು ಪ್ಲೇಟುಗಳು ಮುಗಿದವು. ಏಳನೆಯದರ ಮೇಲೆ ಮುಳ್ಳು ಇಳಿಯಿತು. ಬ್ಯಾಂಡು ಎದ್ದಿತು. ಟ್ರಂಪೆಟ್ ಏರಿತು, ಇಳಿಯಿತು, ಮತ್ತೆ ಏರಿತು. ಕಡಿಯಿತು.

ಟಕ್. ಟಕ್.

ಜನ ಕಣ್ಣು ಮುಚ್ಚಿದರು. ಅಚ್ಯುತ ಪೆಟ್ಟಿಗೆ ತೆರೆದ. ಮಾಸ್ತರರ ಎಡಗೈಯ ಮೂರು ಬೆರಳುಗಳು ಮೊಣಕಾಲಿನ ಮೇಲೆ ಇಳಿದವು. ಅವನ ಮೂರು ಬೆರಳುಗಳು ಕೀಲಿಗಳ ಮೇಲೆ ಇಳಿದವು.

ಅವನು ಊದಿದ.

ಮಾಸ್ತರರ ಬೆರಳುಗಳು ನಿಂತವು. ಅಚ್ಯುತನೂ ನಿಲ್ಲಿಸಿದ. ಮುಳ್ಳು ಎರಡು ಸುತ್ತು ಖಾಲಿ ಸುತ್ತಿತು. ಮಾಸ್ತರರು ಕಣ್ಣು ತೆರೆಯಲಿಲ್ಲ. ಬೆರಳುಗಳು ಮಾತ್ರ ಮತ್ತೆ ಮೊದಲಿನಿಂದ ಶುರು ಮಾಡಿದವು.

ಅಚ್ಯುತ ಜೊತೆಗೆ ಹೋದ. ಹೆಬ್ಬೆರಳು ಮಡಚಿದಲ್ಲಿ ಮೇಲೇರಿದ. ಬೆರಳು ತಡೆದಲ್ಲಿ ತಡೆದ. ಅದು ಹೋಟೆಲಿನಲ್ಲಿ ಜನ ಕುಣಿಯಲೆಂದು ಮಾಡಿದ ಸಂಗೀತ. ಅದರಲ್ಲಿ ಅಧ್ಯಾತ್ಮ ಏನೂ ಇರಲಿಲ್ಲ. ಒಂದು ಕಡೆ ತಮಾಷೆಯೂ ಇತ್ತು. ಅಡುಗೆಮನೆಯ ಬಾಗಿಲಲ್ಲಿ ಸೆರಾಫಿನ್ ಬಾಯಿ ಬಂದು ನಿಂತರು. ಕೈಯಲ್ಲಿದ್ದ ಲೋಟವನ್ನು ಎಲ್ಲಿ ಇಡುವುದೆಂದು ಅವರಿಗೆ ತೋಚಿದಂತೆ ಕಾಣಲಿಲ್ಲ.

ಕೀ ಮುಗಿಯುತ್ತ ಬಂತು. ಟಕ್ ಟಕ್ ನಿಧಾನವಾಯಿತು. ಕೊನೆಯ ಸ್ವರದ ಮೇಲೆ ಹತ್ತೂ ಬೆರಳುಗಳು ಎದ್ದವು. ತಟ್ಟೆ ನಿಂತಿತು.

ಪ್ರೊಫೆಸರರ ಮುಖ ಕೆಂಪಾಗಿತ್ತು.

"ಅಚ್ಯುತ, ಎಂತ ಮಾಡಿದೆ ನೀನು? ಇಷ್ಟು ವರ್ಷದ ಮೌನವನ್ನು ಕೆಡಿಸಿದೆಯಲ್ಲ."

ಮಾಸ್ತರರು ಕಣ್ಣು ತೆರೆದರು. ಮುಳ್ಳನ್ನು ಎತ್ತಿ ಅದರ ಜಾಗದಲ್ಲಿ ಇಟ್ಟರು. ಪ್ಲೇಟನ್ನು ತೆಗೆದು, ಪಂಚೆಯ ಅಂಚಿನಿಂದ ಧೂಳು ಒರೆಸಿ, ಅಚ್ಯುತನ ಕೈಗೆ ಕೊಟ್ಟರು.

"ಅದು ಮೌನ ಅಲ್ಲ ಪ್ರೊಫೆಸ್ರೇ," ಎಂದರು. "ಅಲ್ಲಿ ನನ್ನ ಸರದಿ ಇತ್ತು. ಟ್ರಂಪೆಟಿನವ ಒಂದು ಸುತ್ತು ಹೆಚ್ಚು ಬಾರಿಸಿದ, ಪ್ಲೇಟಿನಲ್ಲಿ ಜಾಗ ಮುಗಿಯಿತು."